ಕುಂಚದ ಅಕ್ಷರ ಫಾಂಟಿಗೆ ಬಂದ ದಾರಿ

ಕಣಕಟ್ಟೆಯಂಥ ಹೋಬಳಿ ಊರುಗಳಲ್ಲಿ ಅಂಗಡಿ ಬೋರ್ಡು, ಟ್ರ್ಯಾಕ್ಟರ್ ಟ್ರೈಲರ್, ಚುನಾವಣೆಯ ಗೋಡೆಬರಹ ಎಲ್ಲವೂ ಒಂದು ಕಾಲಕ್ಕೆ ಪೇಂಟರ್‌ಗಳ ಕೈಬರಹ. ಈಗ ಹೆಚ್ಚಿನವು ಫ್ಲೆಕ್ಸ್. ಅಲ್ಲಿ ಕುಂಚದ ಕೆಲಸ ಮಾಡುವುದು ಕಂಪ್ಯೂಟರ್ ಫಾಂಟ್.

ನಮ್ಮ ಜಿಲ್ಲೆಯಲ್ಲಿ ಅಕ್ಷರದ ಇತಿಹಾಸ ದೊಡ್ಡದು. ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನ ಸುಮಾರು 5ನೇ ಶತಮಾನದ್ದು ಎನ್ನುತ್ತಾರೆ. ಕಲ್ಲಿಗೆ ಉಳಿ, ಓಲೆಗರಿಗೆ ಕಂಠ, ಬೋರ್ಡಿಗೆ ಕುಂಚ. ಸಾಧನ ಬದಲಾದಂತೆ ಅಕ್ಷರದ ರೂಪವೂ ಬದಲಾಯಿತು. ಕುಂಚ ಒತ್ತಿದರೆ ಗೆರೆ ದಪ್ಪ, ಎತ್ತಿದರೆ ತೆಳು. ಅದರಲ್ಲಿ ಕೈಯ ಓಟ ಕಾಣುತ್ತದೆ.

ಈ ಓಟವನ್ನು ಅಚ್ಚಿನ ಮೊಳೆಗೆ ತಂದವರಲ್ಲಿ ರಾಬರ್ಟ್ ಇ. ಸ್ಮಿತ್ ಒಬ್ಬರು. ಅವರ 'ಬ್ರಷ್ ಸ್ಕ್ರಿಪ್ಟ್' 1942ರಲ್ಲಿ ಅಮೆರಿಕದಲ್ಲಿ ಬಂತು. ಇಂಗ್ಲಿಷಿಗೆ ದೊಡ್ಡದು, ಚಿಕ್ಕದು ಸೇರಿ 52 ಅಕ್ಷರರೂಪ ಸಾಕು. ಕನ್ನಡಕ್ಕೆ ಕಾಗುಣಿತ, ಒತ್ತಕ್ಷರ ಸೇರಿ ನೂರಾರು ಬೇಕು. ಪೇಂಟರ್ 'ಶ್ರೀ'ಯ ಒತ್ತನ್ನು ಹೆಸರಿನ ಅಡಿಗೆ ಉದ್ದಕ್ಕೆ ಎಳೆಯುತ್ತಿದ್ದರು, ಜಾಗ ಸಾಲದಿದ್ದರೆ ಕುಗ್ಗಿಸುತ್ತಿದ್ದರು. ಫಾಂಟಿನಲ್ಲಿ ಬದಲಿ ರೂಪ ಮಾಡಿಡದಿದ್ದರೆ ಎಲ್ಲ ಕಡೆ ಒಂದೇ 'ಕ', ಒಂದೇ ಒತ್ತು.

ಜಾತ್ರೆ ಪೋಸ್ಟರ್, ನಾಟಕದ ಹೆಸರು, ಅಂಗಡಿಯ ಹೆಸರಿಗೆ ಕುಂಚದ ಫಾಂಟ್ ಚೆಂದ. ದಿನಾಂಕ, ವಿಳಾಸ, ಫೋನ್ ನಂಬರಿಗೆ ಬೇಡ. ಬೈಕಿನಲ್ಲಿ ಹೋಗುವವರಿಗೆ ಓದಲು ಕಷ್ಟ.

ಹಲ್ಮಿಡಿಯ ಕಲ್ಲು ಉಳಿಯಿತು. ಗೋಡೆಬರಹ ಒಂದು ಸಲ ಸುಣ್ಣ ಬಳಿದರೆ ಹೋಯಿತು. ನಿಮ್ಮೂರಿನ ಹಳೇ ಬೋರ್ಡುಗಳ ಫೋಟೊ ತೆಗೆದಿಡಿ, ಬರೆದ ಪೇಂಟರ್ ಹೆಸರನ್ನೂ ಕೇಳಿ ಬರೆದಿಡಿ. ನಾಳೆ ಕನ್ನಡಕ್ಕೆ ಕುಂಚದ ಫಾಂಟ್ ಮಾಡುವವರಿಗೆ ಅದೇ ಮಾದರಿ.