ಒಂದೇ ಬೆರಳಿನ ಗೆರೆಯೇ? ಆನಿಕೋಪ್ಯಾಪಿಲೋಮ ಕುರಿತು ಒಂದು ಮರುಪರಿಶೀಲನೆ

ಉಗುರಿನ ನಿರಪಾಯಕಾರಿ ಗಡ್ಡೆಗಳಲ್ಲಿ ಗ್ಲೋಮಸ್ ಗಡ್ಡೆಯನ್ನು ತಣ್ಣೀರು ತಾಕಿದರೆ ಜೀವ ಹಿಂಡುವ ನೋವಿನಿಂದ ಗುರುತಿಸಬಹುದು. ಆನಿಕೋಮೆಟ್ರಿಕೋಮದಲ್ಲಿ ಉಗುರು ಹಳದಿಗಟ್ಟಿ ದಪ್ಪವಾಗುತ್ತದೆ. ಇವೆರಡರ ಬಗ್ಗೆ ವಿದ್ವಾಂಸರಲ್ಲಿ ಹೆಚ್ಚು ತಕರಾರಿಲ್ಲ. ತಕರಾರಿರುವುದು ಬಾರಾನ್ ಮತ್ತು ಪೆರಿನ್ 1995ರಲ್ಲಿ ವರ್ಣಿಸಿದ, ಮುಂದೆ ಆನಿಕೋಪ್ಯಾಪಿಲೋಮ ಎಂದು ಹೆಸರಾದ ಗಡ್ಡೆಯ ಬಗ್ಗೆ. ಇದರಲ್ಲಿ ಉಗುರಿನ ಬುಡದಿಂದ ತುದಿಯವರೆಗೆ ಸಣ್ಣದೊಂದು ಕೆಂಪು ಗೆರೆ ಓಡುತ್ತದೆ. ಗೆರೆಯೊಳಗೆ ಅಲ್ಲಲ್ಲಿ ರಕ್ತ ಒಸರಿ ಕಪ್ಪಾದ ಎಳೆಗಳಿರುತ್ತವೆ. ಬೆರಳನ್ನು ಎದುರಿಗೆ ಹಿಡಿದು ನೋಡಿದರೆ ಉಗುರಿನ ಅಂಚಿನಡಿ ಸಾಸಿವೆಗಿಂತ ಚಿಕ್ಕದಾದ, ಗಟ್ಟಿ ಚರ್ಮದ ಗಂಟು ಕಾಣುತ್ತದೆ. ಎಷ್ಟೋ ಸಲ ಉಗುರು ಅಲ್ಲೇ ಸೀಳುತ್ತದೆ.

ಇದು ಒಂದೇ ಬೆರಳಿನ ಕಾಯಿಲೆ, ಹಲವು ಬೆರಳುಗಳಲ್ಲಿ ಕೆಂಪು ಗೆರೆ ಕಂಡರೆ ಲೈಕೆನ್ ಪ್ಲಾನಸ್ ಅಥವಾ ಡೇರಿಯರ್ ಕಾಯಿಲೆಯನ್ನು ಹುಡುಕಬೇಕು ಎಂಬುದು ರೂಢಿಯ ಪಾಠ. 2024ರಲ್ಲಿ ಜಾಮಾ ಡರ್ಮಟಾಲಜಿಯಲ್ಲಿ ಪ್ರಕಟವಾದ, ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಅಧ್ಯಯನ ಈ ಪಾಠವನ್ನು ಅಲುಗಾಡಿಸಿತು. ಬಿಎಪಿ1 ಜೀನಿನ ಆನುವಂಶಿಕ ದೋಷವಿದ್ದ 35 ಕುಟುಂಬಗಳ 47 ಜನರನ್ನು ಅದು ಪರೀಕ್ಷಿಸಿತು. 30 ವರ್ಷ ಮತ್ತು ಮೇಲ್ಪಟ್ಟವರಲ್ಲಿ ಶೇ. 88ರಷ್ಟು ಜನರಿಗೆ ಈ ಗಡ್ಡೆಯಿತ್ತು, ಅದೂ ಹಲವು ಉಗುರುಗಳಲ್ಲಿ. ಈ ದೋಷವಿದ್ದವರಿಗೆ ಚರ್ಮ ಮತ್ತು ಕಣ್ಣಿನ ಮೆಲನೋಮ, ಮೀಸೋಥೀಲಿಯೋಮ, ಮೂತ್ರಪಿಂಡದ ಕ್ಯಾನ್ಸರ್ ಬರುವ ಸಂಭವ ಹೆಚ್ಚು.

ನನ್ನ ವಾದ ಇಷ್ಟು: 'ಒಂದೇ ಬೆರಳು' ಎಂಬ ಚಿತ್ರಕ್ಕೆ ಕಾಯಿಲೆಯ ಸ್ವಭಾವದ ಜೊತೆಗೆ ನಾವು ನೋಡುವ ಕ್ರಮವೂ ಸ್ವಲ್ಪಮಟ್ಟಿಗೆ ಕಾರಣವಿರಬಹುದು. ರೋಗಿ ಸೀಳಿದ ಹೆಬ್ಬೆರಳನ್ನು ಮುಂದೆ ಚಾಚುತ್ತಾರೆ, ವೈದ್ಯರು ಅದನ್ನಷ್ಟೇ ನೋಡುತ್ತಾರೆ; ನೋಯದ ಒಂಬತ್ತು ಬೆರಳುಗಳು ದಾಖಲೆಗೆ ಬರುವುದೇ ಇಲ್ಲ. ಆ ಅಧ್ಯಯನದ ಎಳೆ ಸಿಕ್ಕಿದ್ದೂ ಉಗುರಿನ ಬಗ್ಗೆ ಕೇಳಿದಾಗ ಒಬ್ಬ ರೋಗಿ ಸೂಕ್ಷ್ಮ ಬದಲಾವಣೆಗಳನ್ನು ಹೇಳಿದ್ದರಿಂದ. ಹಾಗೆಂದು ಒಂಟಿ ಗಡ್ಡೆಗಳೆಲ್ಲ ಅರೆಬರೆ ಪರೀಕ್ಷೆಯ ಫಲ ಎನ್ನಲಾಗದು. ಬಹುಪಾಲು ನಿಜಕ್ಕೂ ಒಂಟಿಯೇ ಇರಬಹುದು. ಶೇ. 88 ಎಂಬುದನ್ನು ತಿರುಗಿಸಿ ಓದುವುದಂತೂ ದೊಡ್ಡ ತಪ್ಪು. ಅದು ದೋಷವಿದ್ದವರಲ್ಲಿ ಗಡ್ಡೆಯ ಪ್ರಮಾಣವೇ ಹೊರತು ಗಡ್ಡೆಯಿದ್ದವರಲ್ಲಿ ದೋಷದ ಪ್ರಮಾಣವಲ್ಲ. ಒಂದು ಬೆರಳಿನ ಗೆರೆಗೆ ಜೀನ್ ಪರೀಕ್ಷೆ ಬರೆದುಕೊಟ್ಟು ಮನೆಮಂದಿಯನ್ನೆಲ್ಲ ಹೆದರಿಸಬೇಕಿಲ್ಲ.

ಹುಬ್ಬಳ್ಳಿ-ಧಾರವಾಡದಲ್ಲಿ ಈ ನೋಟಕ್ಕೆ ಇನ್ನೆರಡು ತೊಡಕುಗಳಿವೆ. ಮದುವೆಯ ಮೆಹಂದಿ ಉಗುರಿಗೆ ಹಿಡಿದರೆ, ಉಗುರು ಬೆಳೆದು ಕತ್ತರಿಸಿಹೋಗುವ ತನಕ ಗೆರೆ ಮರೆಯಾಗುತ್ತದೆ. ಕಂದು ಮೈಬಣ್ಣದವರಲ್ಲಿ ಸಹಜವಾಗಿಯೇ ಕಪ್ಪು ಗೆರೆಗಳಿರುತ್ತವೆ, ಆನಿಕೋಪ್ಯಾಪಿಲೋಮವೂ ಕೆಲವೊಮ್ಮೆ ಕಪ್ಪು ಗೆರೆಯಾಗಿಯೇ ಕಾಣುತ್ತದೆ. ಆದ್ದರಿಂದ ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆ ಇರಲಿ, ಸತ್ತೂರಿನ ಎಸ್‌ಡಿಎಂ ಆಸ್ಪತ್ರೆ ಇರಲಿ, ಬಣ್ಣಕ್ಕಿಂತ ಅಂಚಿನಡಿಯ ಗಂಟನ್ನು ಡರ್ಮೋಸ್ಕೋಪಿನಲ್ಲಿ ಹುಡುಕುವುದು, ಹತ್ತೂ ಬೆರಳನ್ನು ದಾಖಲಿಸುವುದು, ಎರಡಕ್ಕಿಂತ ಹೆಚ್ಚು ಕಡೆ ಗಂಟು ಸಿಕ್ಕರೆ ಮನೆತನದ ಕ್ಯಾನ್ಸರ್ ಚರಿತ್ರೆ ಕೇಳುವುದು ಸೂಕ್ತ ಎಂಬುದು ನನ್ನ ಸಲಹೆ.

ಎಷ್ಟು ಉಗುರುಗಳಲ್ಲಿ ಗಂಟು ಕಂಡರೆ ಜೀನ್ ಪರೀಕ್ಷೆಗೆ ಕಳಿಸಬೇಕೆಂಬುದು ತೀರ್ಮಾನವಾಗಬೇಕಿದೆ. ಶೇ. 88ರ ಲೆಕ್ಕ 30 ದಾಟಿದವರದ್ದು. ಅಂಥ ಕುಟುಂಬದ ಹರೆಯದವರ ಉಗುರು ಸ್ವಚ್ಛವಾಗಿದೆ ಎಂಬ ಕಾರಣಕ್ಕೆ ಅವರನ್ನು ನಿಗಾದಿಂದ ಕೈಬಿಡುವಂತಿಲ್ಲ.