ಕಿಟಕಿ ಗಾಜಿಗೆ ಬಡಿದು ಸಾಯುವ ಹಕ್ಕಿಗಳು: ಕಾರಣವೇನು, ತಡೆಯುವುದು ಹೇಗೆ?

ಬಳ್ಳಾರಿ: ಕಿಟಕಿಯ ಗಾಜನ್ನು ಗಾಜೆಂದು ಗುರುತಿಸುವ ಶಕ್ತಿ ಹಕ್ಕಿಗಳಿಗಿಲ್ಲ. ಗಾಜಿನಲ್ಲಿ ಬಿಂಬಿಸಿದ ಬೇವಿನ ಮರವನ್ನು ನಿಜವಾದ ಮರವೆಂದೂ, ಅದರಲ್ಲಿ ಕಾಣುವ ಬಾನನ್ನು ತೆರೆದ ಬಾನೆಂದೂ ಭಾವಿಸಿ ಪೂರ್ಣ ವೇಗದಲ್ಲಿ ಹಾರಿಬಂದು ಬಡಿದು ಬೀಳುತ್ತವೆ. ಹೀಗೆ ಬಿದ್ದವುಗಳಲ್ಲಿ ಅನೇಕವು ತಲೆಗೆ ಪೆಟ್ಟಾಗಿ, ಒಳಗೇ ರಕ್ತಸ್ರಾವವಾಗಿ ಸಾಯುತ್ತವೆ. ಕೆಲವು ಚೇತರಿಸಿಕೊಂಡಂತೆ ಹಾರಿಹೋದರೂ ಬದುಕಿದುವೆಂದು ಹೇಳಲಾಗದು. ಆದರೆ ಈ ಸಾವನ್ನು ತಡೆಯುವ ಉಪಾಯಗಳು ಸರಳವಾಗಿದ್ದು, ಬಹುತೇಕ ಎಲ್ಲ ಮನೆಗಳಿಗೂ ಎಟುಕುವಂಥವು.

ಬದಲಾದ ಕಿಟಕಿ

ಬ್ರಿಟಿಷರ ಕಾಲದ ದಂಡು ಪ್ರದೇಶದ ನಂಟಿನಲ್ಲಿ ಬೆಳೆದ ಬಳ್ಳಾರಿಯ ಕೌಲ್ ಬಜಾರ್‌ನಂತಹ ಹಳೆಯ ಪೇಟೆಗಳಲ್ಲಿ ಮನೆಗಳ ಕಿಟಕಿಗಳು ಚಿಕ್ಕವು. ಕಬ್ಬಿಣದ ಸರಳು, ಮರದ ಬಾಗಿಲು ಇರುವ ಇಂತಹ ಕಿಟಕಿಯಿಂದ ಹಕ್ಕಿಗೆ ಅಪಾಯವಿಲ್ಲ. ಸರಳುಗಳು ಅದರ ಕಣ್ಣಿಗೆ ಸ್ಪಷ್ಟವಾಗಿ ಬೀಳುತ್ತವೆ. ಕಳೆದ ಕೆಲವು ದಶಕಗಳಲ್ಲಿ ಸುಣ್ಣದ ಗೋಡೆಯ ಮಾಳಿಗೆ ಮನೆಗಳ ಜಾಗದಲ್ಲಿ ಆರ್‌ಸಿಸಿ ಕಟ್ಟಡಗಳು ಎದ್ದಂತೆ ಅಲ್ಯೂಮಿನಿಯಂ ಚೌಕಟ್ಟಿನ ಅಗಲವಾದ ಸರಿಯುವ ಕಿಟಕಿಗಳು, ಅಂಗಡಿಗಳ ಮುಂಭಾಗದ ಗಾಜಿನ ಗೋಡೆಗಳು ರಾಜ್ಯದ ಎಲ್ಲ ನಗರಗಳಲ್ಲೂ ಸಾಮಾನ್ಯವಾಗಿವೆ. ಬಿಸಿಲಿಗೆ ಹೆಸರಾದ ಊರುಗಳಲ್ಲಿ ಶಾಖ ತಡೆಯಲೆಂದು ಕನ್ನಡಿಯಂತೆ ಹೊಳೆಯುವ ಗಾಜನ್ನೋ, ಗಾಜಿನ ಮೇಲೆ ಅಂಟಿಸುವ ಹಾಳೆಯನ್ನೋ ಬಳಸುವುದುಂಟು. ಹಕ್ಕಿಗಳ ಪಾಲಿಗೆ ಅತಿ ಅಪಾಯಕಾರಿಯಾದ ಗಾಜುಗಳಲ್ಲಿ ಇದೂ ಒಂದು.

ಸಾದಾ ಗಾಜೂ ಹಗಲಿನಲ್ಲಿ ಕನ್ನಡಿಯೇ. ಕೋಣೆಯ ಒಳಗೆ ಬೆಳಕು ಕಡಿಮೆ, ಹೊರಗೆ ಹೆಚ್ಚು ಇದ್ದಾಗ ಹೊರಗಿನ ದೃಶ್ಯವೆಲ್ಲ ಗಾಜಿನಲ್ಲಿ ಮೂಡುತ್ತದೆ. ಎದುರುಬದುರು ಕಿಟಕಿಗಳಿರುವ ಕೋಣೆಯಲ್ಲಿ ಆಚೆಯ ಬಯಲು ಈಚೆಯಿಂದ ಕಾಣುವುದರಿಂದ, ನಡುವೆ ದಾರಿಯಿದೆ ಎಂದು ಹಕ್ಕಿ ನುಗ್ಗುವುದೂ ಉಂಟು. ಬಹುಪಾಲು ಹಕ್ಕಿಗಳ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುತ್ತವೆ. ಸುತ್ತಲಿನ ನೋಟ ವಿಶಾಲವಾಗಿದ್ದರೂ ನೇರ ಮುಂದಿನ ವಸ್ತುವಿನ ದೂರವನ್ನು ಅಳೆಯುವಲ್ಲಿ ಅವು ಮನುಷ್ಯನಷ್ಟು ಸಮರ್ಥವಲ್ಲ.

ಇದೇ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿನ ಎರೆ ಬಯಲಿನಲ್ಲಿ ಕಾಣಿಸಿಕೊಂಡಿರುವ ಅಪರೂಪದ ಎರೆಭೂತ ಪಕ್ಷಿಯ ಸಂತತಿಗೆ ದೇಶದಲ್ಲಿ ವಿದ್ಯುತ್ ತಂತಿಗಳು ದೊಡ್ಡ ಕಂಟಕವಾಗಿರುವುದಕ್ಕೂ ದೃಷ್ಟಿಯ ಈ ಮಿತಿ ಒಂದು ಕಾರಣ. ತಂತಿಗಳಿಗೆ ಎದ್ದುಕಾಣುವ ಬಿಲ್ಲೆಗಳನ್ನು ತೂಗುಹಾಕುವುದು ಅಲ್ಲಿ ಅನುಸರಿಸುವ ಉಪಾಯಗಳಲ್ಲೊಂದು. ಕಿಟಕಿಗೂ ಅದೇ ಸೂತ್ರ ಅನ್ವಯಿಸುತ್ತದೆ: ಕಾಣದ ತಡೆಯನ್ನು ಕಾಣುವಂತೆ ಮಾಡಬೇಕು.

ಮನೆಗಳ ಪಾಲು ಎಷ್ಟು?

ಇಂತಹ ಸಾವುಗಳ ಲೆಕ್ಕ ಹಾಕುವ ಕೆಲಸ ಹೆಚ್ಚಾಗಿ ನಡೆದಿರುವುದು ಉತ್ತರ ಅಮೆರಿಕದಲ್ಲಿ. ಪೆನ್ಸಿಲ್ವೇನಿಯಾದ ಮ್ಯೂಲೆನ್‌ಬರ್ಗ್ ಕಾಲೇಜಿನ ಪಕ್ಷಿತಜ್ಞ ಡೇನಿಯಲ್ ಕ್ಲೆಮ್ 1970ರ ದಶಕದಿಂದ ಈ ವಿಷಯವನ್ನು ಅಧ್ಯಯನ ಮಾಡಿದವರು. 2014ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದ ಅಂದಾಜಿನಂತೆ ಅಮೆರಿಕದಲ್ಲಿ ವರ್ಷಕ್ಕೆ 36.5 ಕೋಟಿಯಿಂದ 98.8 ಕೋಟಿ ಹಕ್ಕಿಗಳು ಕಟ್ಟಡಗಳಿಗೆ ಬಡಿದು ಸಾಯುತ್ತವೆ. ಇವುಗಳಲ್ಲಿ ಸುಮಾರು ಶೇ 44ರಷ್ಟು ಸಾವು ಸಂಭವಿಸುವುದು ಒಂದರಿಂದ ಮೂರು ಅಂತಸ್ತಿನ ಮನೆಗಳಲ್ಲಿ. ಗಗನಚುಂಬಿ ಕಟ್ಟಡಗಳ ಪಾಲು ಶೇ 1ಕ್ಕಿಂತ ಕಡಿಮೆ. ಒಂದೊಂದು ಮನೆಯಲ್ಲಿ ವರ್ಷಕ್ಕೆ ಸಾಯುವುದು ಒಂದೋ ಎರಡೋ ಹಕ್ಕಿಯಾದರೂ ಮನೆಗಳು ಕೋಟಿಗಟ್ಟಲೆ ಇರುವುದರಿಂದ ಒಟ್ಟು ಸಂಖ್ಯೆ ಬೆಳೆಯುತ್ತದೆ. ಪರಿಹಾರ ಮನೆಗಳಿಂದಲೇ ಆರಂಭವಾಗಬೇಕು ಎನ್ನುವುದು ಈ ಕಾರಣಕ್ಕೆ.

ಗಾಜನ್ನು ತಿದ್ದಿದರೆ ಫಲ ಸಿಗುತ್ತದೆ ಎಂಬುದಕ್ಕೆ ಷಿಕಾಗೊ ನಗರದ ಮೆಕಾರ್ಮಿಕ್ ಪ್ಲೇಸ್ ಸಮಾವೇಶ ಕೇಂದ್ರ ನಿದರ್ಶನ. 2023ರ ಅಕ್ಟೋಬರ್ 5ರಂದು, ಒಂದೇ ದಿನ, ಅಲ್ಲಿ ಸುಮಾರು 1,000 ವಲಸೆ ಹಕ್ಕಿಗಳು ಗಾಜಿಗೆ ಬಡಿದು ಸತ್ತವು. 2024ರಲ್ಲಿ ಗಾಜಿನ ಮೇಲೆ ಚುಕ್ಕಿಗಳಿರುವ ಹಾಳೆ ಅಂಟಿಸಿದ ನಂತರ ಆ ವರ್ಷದ ವಲಸೆ ಋತುವಿನಲ್ಲಿ ಸಾವುಗಳು ಸುಮಾರು ಶೇ 95ರಷ್ಟು ಇಳಿದವು.

ಚುಕ್ಕಿ ರಂಗೋಲಿಯ ಸೂತ್ರ

ಗಾಜಿನ ನಡುವೆ ಗಿಡುಗದ ಒಂದು ಚಿತ್ರ ಅಂಟಿಸಿದರೆ ಹಕ್ಕಿಗಳು ಹೆದರಿ ದೂರ ಸರಿಯುತ್ತವೆ ಎಂಬ ನಂಬಿಕೆ ವ್ಯಾಪಕವಾಗಿದೆ. ಇದರಿಂದ ಪ್ರಯೋಜನ ಅತ್ಯಲ್ಪ. ಚಿತ್ರವಿರುವಷ್ಟು ಜಾಗವನ್ನು ಬಿಟ್ಟು ಪಕ್ಕದ ಖಾಲಿ ಗಾಜಿನತ್ತ ಹಕ್ಕಿ ಹಾರುತ್ತದೆ. ದಟ್ಟ ಪೊದೆಯ ಕಿರುಸಂದಿಗಳಲ್ಲಿ ನುಸುಳುವುದು ಅದಕ್ಕೆ ರೂಢಿ. ಆದ್ದರಿಂದ ಗುರುತುಗಳು ಇಡೀ ಗಾಜನ್ನು ಆವರಿಸಬೇಕು, ಎರಡು ಗುರುತುಗಳ ನಡುವೆ ಎರಡು ಅಂಗುಲಕ್ಕಿಂತ (5 ಸೆಂ.ಮೀ.) ಹೆಚ್ಚು ಅಂತರ ಇರಬಾರದು. ಅಂಗಳದಲ್ಲಿ ಚುಕ್ಕಿ ರಂಗೋಲಿಗೆ ಸಾಲಾಗಿ ಚುಕ್ಕಿ ಇಡುವ ಕ್ರಮವನ್ನೇ ಗಾಜಿಗೂ ಅನುಸರಿಸಬಹುದು. ಒಂದೊಂದು ಚುಕ್ಕಿ ಕನಿಷ್ಠ ಕಾಲಂಗುಲ ಅಗಲವಿರಲಿ.

ಮುಖ್ಯವಾದ ಮತ್ತೊಂದು ಸಂಗತಿ, ಗುರುತುಗಳು ಗಾಜಿನ ಹೊರಮೈಯಲ್ಲಿ ಇರಬೇಕು. ಒಳಗಡೆ ಅಂಟಿಸಿದರೆ ಹೊರಗಿನ ಪ್ರತಿಬಿಂಬ ಅವನ್ನು ಮುಚ್ಚಿಬಿಡುತ್ತದೆ. ಒಳಗಿನ ಪರದೆ ಎಳೆದರೂ ಪ್ರತಿಬಿಂಬ ಹಾಗೆಯೇ ಉಳಿಯುವ ಕಾರಣ ಅದೊಂದನ್ನೇ ನೆಚ್ಚುವಂತಿಲ್ಲ.

ಮನೆಯಲ್ಲೇ ಮಾಡಬಹುದಾದ ಉಪಾಯಗಳು ಹೀಗಿವೆ:

* ಸೊಳ್ಳೆ ಜಾಲರಿ: ಗಾಜಿನ ಹೊರಭಾಗಕ್ಕೆ ಬಿಗಿಯಾಗಿ, ಒಂದೆರಡು ಅಂಗುಲ ಅಂತರ ಬಿಟ್ಟು ಅಳವಡಿಸಿದರೆ ಪ್ರತಿಬಿಂಬ ಮಂಕಾಗುತ್ತದೆ. ಹಕ್ಕಿ ಬಡಿದರೂ ಪೆಟ್ಟು ಕಡಿಮೆ. ಸೊಳ್ಳೆಯ ಕಾಟವೂ ತಪ್ಪುತ್ತದೆ.

* ಇಳಿಬಿಟ್ಟ ಹುರಿ: ಸುಮಾರು 3 ಮಿ.ಮೀ. ದಪ್ಪದ ನೈಲಾನ್ ಹುರಿಗಳನ್ನು ಕಿಟಕಿಯ ಮೇಲ್ಭಾಗದ ಪಟ್ಟಿಯಿಂದ ನಾಲ್ಕು ಅಂಗುಲಕ್ಕೊಂದರಂತೆ ಹೊರಗಡೆ ತೂಗುಬಿಡಬೇಕು. ಗಾಳಿಗೆ ಅಲುಗುವ ಹುರಿಗಳನ್ನು ಹಕ್ಕಿಗಳು ಬೇಗ ಗುರುತಿಸುತ್ತವೆ. ಜೀನ್ಸ್ ಉದ್ಯಮದ ಊರಾದ ಬಳ್ಳಾರಿಯಲ್ಲಿ ದಾರಕ್ಕೆ ಬರವಿಲ್ಲ, ಆದರೆ ತೆಳುವಾದ ಹೊಲಿಗೆ ದಾರ ಈ ಕೆಲಸಕ್ಕೆ ಸಾಲದು.

* ಬಿಳಿ ಬಣ್ಣ ಅಥವಾ ಸಾಬೂನು: ನೀರಿನಲ್ಲಿ ಕಲಸುವ ಬಣ್ಣದಿಂದಲೋ ಒಣಗಿದ ಸಾಬೂನಿನ ತುಂಡಿನಿಂದಲೋ ಹೊರಗಿನಿಂದ ಗೆರೆ, ಚುಕ್ಕಿ ಬರೆಯಬಹುದು. ಮಳೆಯಲ್ಲಿ ಅಳಿಸಿದರೆ ಮತ್ತೆ ಬರೆಯಬೇಕು.

* ಬಿದಿರಿನ ಪರದೆ, ಲಾವಂಚದ ತಟ್ಟಿ: ಬಿಸಿಲು ಬೀಳುವ ಕಿಟಕಿಗೆ ಹೊರಗಿನಿಂದ ಕಟ್ಟಿದರೆ ಕೋಣೆ ತಂಪಾಗಿರುತ್ತದೆ, ಹಕ್ಕಿಯೂ ಉಳಿಯುತ್ತದೆ.

* ಹೊಸ ಮನೆ ಕಟ್ಟುವವರು ಕನ್ನಡಿ ಗಾಜಿನ ಬದಲು ಮಸುಕು ಗಾಜು, ಹೊರಗಡೆ ಸರಳು ಅಥವಾ ಜಾಲಂದರವನ್ನು ಆಯ್ದುಕೊಳ್ಳಬಹುದು.

ನೀರಿನ ಬಟ್ಟಲು ಎಲ್ಲಿಡಬೇಕು?

ಬೇಸಿಗೆಯಲ್ಲಿ ತಾರಸಿ, ಕಿಟಕಿಗಳ ಬಳಿ ಹಕ್ಕಿಗಳಿಗೆ ನೀರು, ಕಾಳು ಇಡುವವರು ಹಲವರು. ಈ ಸತ್ಕಾರ್ಯವೇ ಸಾವಿಗೆ ಕಾರಣವಾಗದಂತೆ ಎಚ್ಚರ ವಹಿಸಬೇಕು. ಬಟ್ಟಲು ಗಾಜಿನಿಂದ 3 ಅಡಿಯೊಳಗೆ ಇರಬೇಕು, ಇಲ್ಲವೇ 30 ಅಡಿಗಿಂತ ಆಚೆ ಇರಬೇಕು ಎಂಬುದು ತಜ್ಞರ ಸಲಹೆ. ತೀರ ಹತ್ತಿರವಿದ್ದರೆ ಬೆದರಿ ಹಾರಿದ ಹಕ್ಕಿಗೆ ವೇಗ ಪಡೆಯಲು ಅವಕಾಶವಿರುವುದಿಲ್ಲ. ಇವೆರಡರ ನಡುವಿನ ದೂರವೇ ಹೆಚ್ಚು ಅಪಾಯಕಾರಿ.

ವಲಸೆಯ ತಿಂಗಳುಗಳಲ್ಲಿ ರಾತ್ರಿಯ ದೀಪಗಳ ಬಗೆಗೂ ಗಮನವಿರಲಿ. ಅನೇಕ ಕಿರುಹಕ್ಕಿಗಳು ರಾತ್ರಿ ವೇಳೆ ಪಯಣಿಸುತ್ತವೆ. ಮುಂಗಾರಿನ ನಂತರ ದಕ್ಷಿಣಕ್ಕೆ ಬರುವ ನವರಂಗ ಪಕ್ಷಿ ನಗರಗಳಲ್ಲಿ ಕಟ್ಟಡಗಳಿಗೆ ಬಡಿದು ಬಿದ್ದು ಸಿಗುವುದುಂಟು. ಅಗತ್ಯವಿಲ್ಲದ ಹೊರದೀಪಗಳನ್ನು ಆರಿಸುವುದು ಒಳಿತು.

ಕನ್ನಡಿಯೊಂದಿಗೆ ಕದನ

ಗಾಜಿಗೆ ಬಡಿಯುವುದು ಬೇರೆ, ಗಾಜನ್ನು ಕುಕ್ಕುವುದು ಬೇರೆ. ಪಿಕಳಾರ, ಸೂರಕ್ಕಿ, ಮಡಿವಾಳ ಹಕ್ಕಿಗಳು ಗೂಡು ಕಟ್ಟುವ ಕಾಲದಲ್ಲಿ ತಮ್ಮ ಬಿಂಬವನ್ನೇ ಎದುರಾಳಿಯೆಂದು ಬಗೆದು ಕಿಟಕಿ, ವಾಹನಗಳ ಕನ್ನಡಿಗಳನ್ನು ದಿನಗಟ್ಟಲೆ ಕುಕ್ಕುತ್ತವೆ. ಇದರಿಂದ ಸಾವು ವಿರಳವಾದರೂ ಹಕ್ಕಿ ಬಳಲುತ್ತದೆ. ಆ ಕೆಲ ವಾರ ಗಾಜಿನ ಹೊರಮೈಗೆ ಕಾಗದ, ಕನ್ನಡಿಗೆ ಬಟ್ಟೆಯ ಚೀಲ ಹೊದಿಸಿದರೆ ಸಾಕು.

ಹಕ್ಕಿ ಬಿದ್ದಾಗ

ಬಡಿದು ಬಿದ್ದ ಹಕ್ಕಿಯನ್ನು ಬೆಕ್ಕು, ನಾಯಿ, ಕಾಗೆಗಳಿಂದ ಮೊದಲು ರಕ್ಷಿಸಬೇಕು. ಬಟ್ಟೆಯಿಂದ ಮೆಲ್ಲಗೆ ಎತ್ತಿ, ಗಾಳಿಯಾಡಲು ತೂತುಗಳಿರುವ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಮುಚ್ಚಿ, ಕತ್ತಲೆಯ ಸದ್ದಿಲ್ಲದ ಜಾಗದಲ್ಲಿಡಬೇಕು. ಕೊಕ್ಕಿಗೆ ನೀರು ಹನಿಸುವುದು, ಆಹಾರ ತುರುಕುವುದು ಸಲ್ಲದು. ನೀರು ಶ್ವಾಸನಾಳ ಸೇರುವ ಅಪಾಯವಿದೆ. ಒಂದೆರಡು ಗಂಟೆಯ ನಂತರ ಪೆಟ್ಟಿಗೆಯನ್ನು ಹೊರಗೆ, ಗಾಜಿನಿಂದ ದೂರ ಒಯ್ದು ತೆರೆದರೆ ಚೇತರಿಸಿಕೊಂಡ ಹಕ್ಕಿ ತಾನೇ ಹಾರಿಹೋಗುತ್ತದೆ. ಕತ್ತಲಾಗಿದ್ದರೆ ಬೆಳಗಿನವರೆಗೆ ಕಾಯಬೇಕು.

ರೆಕ್ಕೆ ಜೋತುಬಿದ್ದಿದ್ದರೆ, ರಕ್ತ ಒಸರುತ್ತಿದ್ದರೆ ಅಥವಾ ಹಾರಲು ಆಗದಿದ್ದರೆ ಅರಣ್ಯ ಇಲಾಖೆಗೆ ತಿಳಿಸಬೇಕು. ಇಲಾಖೆಯ ಸಹಾಯವಾಣಿ ಸಂಖ್ಯೆ 1926. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಪ್ರಕಾರ ಸಂರಕ್ಷಿತ ಕಾಡುಹಕ್ಕಿಗಳನ್ನು ಮನೆಯಲ್ಲಿ ಸಾಕುವುದು ಅಪರಾಧ. ಹಕ್ಕಿಯನ್ನು ಮುಟ್ಟಿದ ನಂತರ ಸಾಬೂನಿನಿಂದ ಕೈ ತೊಳೆಯುವುದನ್ನು ಮರೆಯಬಾರದು.

ಮನೆಯ ಎಲ್ಲ ಕಿಟಕಿಗಳನ್ನೂ ಒಮ್ಮೆಗೇ ತಿದ್ದಬೇಕಾಗಿಲ್ಲ. ಹೊರಗೆ ನಿಂತು ನೋಡಿದಾಗ ಮರ ಅಥವಾ ಬಾನು ಸ್ಪಷ್ಟವಾಗಿ ಬಿಂಬಿಸುವ ಕಿಟಕಿ, ಈ ಹಿಂದೆ ಹಕ್ಕಿ ಬಡಿದ ಕಿಟಕಿ ಇವುಗಳಿಂದ ಆರಂಭಿಸಬಹುದು.