ಉಳಿತಾಯ ಎಲ್ಲಿ ಮಾಡಿದ್ದಾರೆ? ಅಗ್ಗದ ಮಡಚುವ ಚಾಕಿನ ಚರಿತ್ರೆ

ಮಾವಿಗೆ ಕಸಿ ಕಟ್ಟುವವರ ಕಿಸೆಯಲ್ಲಿ ಒಂದು ಮಡಚುವ ಚಾಕು ಇರುತ್ತದೆ. ಅಲಗು ಮೊಂಡಾಗಿದ್ದರೆ ಕಡ್ಡಿ ನುಣ್ಣಗೆ ಕೊಯ್ಯುವುದಿಲ್ಲ, ಜಜ್ಜುತ್ತದೆ, ಕಸಿ ಕೂಡುವುದಿಲ್ಲ. ಕೀಲು ಸಡಿಲವಾಗಿದ್ದರೆ ಅಲಗು ಹಿಂದಕ್ಕೆ ಮಡಚಿಕೊಂಡು ಬೆರಳ ಮೇಲೇ ಬೀಳುತ್ತದೆ. ಆ ದಿನದ ಕೂಲಿ ಹೋಯಿತು, ಮೇಲೆ ಟೆಟನಸ್ ಇಂಜೆಕ್ಷನ್ ಖರ್ಚು ಬೇರೆ. ಇಷ್ಟಾದರೂ ಸಂತೆಯಲ್ಲಿ ಚಾಕು ಕೊಳ್ಳುವಾಗ ನಾವು ಕೇಳುವುದು ಒಂದೇ ಪ್ರಶ್ನೆ: ಎಷ್ಟು?

ಅಗ್ಗದ್ದೆಲ್ಲ ಕಳಪೆಯಲ್ಲ, ದುಬಾರಿಯೆಲ್ಲ ಒಳ್ಳೆಯದಲ್ಲ. ಇದು ಎಲ್ಲರಿಗೂ ಗೊತ್ತು. ಹಾಗಾದರೆ ಅಗ್ಗದ ಎರಡು ಚಾಕುಗಳಲ್ಲಿ ಯಾವುದು ಕೊಟ್ಟ ಕಾಸಿಗೆ ಮೋಸ ಮಾಡುವುದಿಲ್ಲ ಎಂದು ತಿಳಿಯುವುದು ಹೇಗೆ? ಯುರೋಪಿನ ರೈತರು, ಕೂಲಿಗಳು, ಶಾಲೆಯ ಹುಡುಗರು ಇದೇ ಪ್ರಶ್ನೆ ಕೇಳಿಕೊಂಡು ಮುನ್ನೂರು ವರ್ಷಗಳಿಗೂ ಹೆಚ್ಚಾಗಿದೆ. ಆ ಚರಿತ್ರೆಯನ್ನು ಓದುತ್ತಾ ಹೋದಾಗ ನಮಗೆ ಸಿಕ್ಕ ಉತ್ತರ ಸರಳವಾದದ್ದು. ಅಗ್ಗದ ವಸ್ತು ಮಾಡುವವನು ಎಲ್ಲೋ ಒಂದು ಕಡೆ ಉಳಿತಾಯ ಮಾಡಲೇಬೇಕು. ಎಲ್ಲಿ ಮಾಡಿದ್ದಾನೆ ಎಂದು ಕಂಡುಹಿಡಿದರೆ ಚಾಕಿನ ಯೋಗ್ಯತೆ ಗೊತ್ತಾಗುತ್ತದೆ.

ಹೆಸರಿನ ಬೆಲೆ

ಮಡಚುವ ಚಾಕು ಹೊಸ ವಸ್ತುವೇನಲ್ಲ. ರೋಮನ್ನರ ಕಾಲದಲ್ಲೇ ಮೂಳೆಯ ಹಿಡಿಯೊಳಗೆ ಅಲಗು ಮಡಚಿಟ್ಟುಕೊಳ್ಳುತ್ತಿದ್ದರು. ಆದರೆ ಸಾಮಾನ್ಯರ ಕಿಸೆಗೂ ಸಿಗುವಷ್ಟು ದೊಡ್ಡ ಸಂಖ್ಯೆಯಲ್ಲಿ ಅದನ್ನು ಮಾಡಿದ ಊರುಗಳಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ಮುಖ್ಯವಾದದ್ದು. ಅಲ್ಲಿ ನೀರಿನ ರಭಸಕ್ಕೆ ತಿರುಗುವ ಸಾಣೆಚಕ್ರಗಳಿದ್ದವು, ಸುತ್ತಮುತ್ತ ಸಾಣೆಗೆ ಬೇಕಾದ ಕಲ್ಲು ಸಿಗುತ್ತಿತ್ತು. 1624ರಲ್ಲಿ ಪಾರ್ಲಿಮೆಂಟಿನ ಕಾಯ್ದೆಯ ಮೂಲಕ ಚಾಕು ಮಾಡುವವರ ಸಂಘ ಸ್ಥಾಪನೆಯಾಯಿತು. ಒಬ್ಬೊಬ್ಬ ಕಸುಬುದಾರನಿಗೂ ಒಂದೊಂದು ಮುದ್ರೆ ಕೊಟ್ಟು ಅದನ್ನು ದಾಖಲಿಸಿಕೊಳ್ಳುವುದು ಸಂಘದ ದೊಡ್ಡ ಕೆಲಸಗಳಲ್ಲಿ ಒಂದು. ಅಲಗಿನ ಬುಡದಲ್ಲಿರುವ ಮುದ್ರೆ ನೋಡಿದರೆ ಸಾಕು, ಯಾರ ಕೈಯ ಕೆಲಸ ಎಂದು ಗೊತ್ತಾಗುತ್ತಿತ್ತು.

ಅಲ್ಲಿಂದ ಹೊರಟ ಚಾಕುಗಳಲ್ಲಿ ಬಾರ್ಲೋ ಎಂಬುದು ಬಡವರ ಚಾಕು. 17ನೇ ಶತಮಾನದ ಶೆಫೀಲ್ಡಿನ ಒಬ್ಬ ಕುಶಲಕರ್ಮಿಯ ಹೆಸರು ಅದಕ್ಕೆ ಬಂದಿದೆ. ಹೆಚ್ಚಿನ ಅಂದಚಂದ ಇಲ್ಲ. ಆದರೆ ಕೀಲಿನ ಬಳಿ ಉದ್ದವಾದ ಲೋಹದ ಕಟ್ಟು ಇರುತ್ತದೆ. ಮಡಚುವ ಚಾಕು ಮೊದಲು ಸೋಲುವುದೇ ಕೀಲಿನಲ್ಲಿ, ಆದ್ದರಿಂದ ಲೋಹವನ್ನು ಅಲ್ಲಿಗೆ ಹಾಕಿ ಉಳಿದ ಕಡೆ ಖರ್ಚು ಕಡಿಮೆ ಮಾಡಿದ್ದಾರೆ. ಇದು ಸರಿಯಾದ ಲೆಕ್ಕ.

ಚಾಕು ಹೆಸರು ಮಾಡಿದ ಮೇಲೆ ಹೆಸರಿಗೇ ಬೆಲೆ ಬಂತು. 1876ರಲ್ಲಿ ಪ್ರಕಟವಾದ ಮಾರ್ಕ್ ಟ್ವೈನ್‌ನ ಟಾಮ್ ಸಾಯರ್ ಕಾದಂಬರಿಯಲ್ಲಿ ಟಾಮ್‌ಗೆ ಹನ್ನೆರಡೂವರೆ ಸೆಂಟ್ ಬೆಲೆಯ ಹೊಸ ಬಾರ್ಲೋ ಚಾಕು ಉಡುಗೊರೆಯಾಗಿ ಸಿಗುತ್ತದೆ. ಅದು ಏನನ್ನೂ ಕೊಯ್ಯುವುದಿಲ್ಲ. ಆದರೂ ಹುಡುಗ ಹಿರಿಹಿರಿ ಹಿಗ್ಗುತ್ತಾನೆ, ಯಾಕೆಂದರೆ ಅದು ಅಸಲಿ ಬಾರ್ಲೋ! ಇಂಥ ಚಾಕನ್ನೂ ನಕಲು ಮಾಡಿ ಕೆಡಿಸಬಹುದು ಎಂದು ಹುಡುಗರಿಗೆ ಹೊಳೆದದ್ದಾದರೂ ಹೇಗೆ ಎಂದು ಟ್ವೈನ್ ತಮಾಷೆ ಮಾಡುತ್ತಾನೆ. ಹೆಸರು ಅಸಲಿಯಾಗಿದ್ದರೂ ಅಲಗು ಮೊಂಡಾಗಿರಬಹುದು ಎಂಬುದು ಆ ತಮಾಷೆಯ ಒಳಗಿರುವ ಮಾತು.

ನಕಲಿಯ ಕಾಟವಂತೂ ನಿಜವಾಗಿಯೇ ಇತ್ತು. 19ನೇ ಶತಮಾನದಲ್ಲಿ ಜರ್ಮನಿಯಿಂದ ಬರುತ್ತಿದ್ದ ಅಗ್ಗದ ಚಾಕುಗಳ ಮೇಲೆ ಶೆಫೀಲ್ಡಿನ ಹೆಸರು ಒತ್ತಿರುತ್ತಿತ್ತು. ಬಡಿದು ಮಾಡಿದ ಉಕ್ಕಿನ ಜಾಗದಲ್ಲಿ ಎರಕದ ಕಬ್ಬಿಣ ಹಾಕಿ ಮಾರುತ್ತಾರೆ ಎಂದು ಶೆಫೀಲ್ಡಿನವರು ದೂರಿದರು. ಈ ಗಲಾಟೆಯ ಫಲವಾಗಿ 1887ರಲ್ಲಿ ಬ್ರಿಟನ್ ಸರಕು ಮುದ್ರೆ ಕಾಯ್ದೆ ತಂದಿತು. ಹೊರದೇಶದ ಸರಕಿನ ಮೇಲೆ ಬ್ರಿಟಿಷ್ ಹೆಸರು ಹಾಕಿದ್ದರೆ ಅದು ಎಲ್ಲಿ ತಯಾರಾಯಿತು ಎಂಬುದನ್ನೂ ನಮೂದಿಸಬೇಕಾಯಿತು. ಎರಡೇ ವರ್ಷದಲ್ಲಿ, 1889ರಲ್ಲಿ, ಇಂಥದ್ದೇ ಕಾಯ್ದೆ ಭಾರತಕ್ಕೂ ಬಂತು. ನಾಚಿಕೆಯಾಗಲಿ ಎಂದು ಒತ್ತಿಸಿದ 'ಮೇಡ್ ಇನ್ ಜರ್ಮನಿ' ಎಂಬ ಮಾತು ಕೆಲವೇ ದಶಕಗಳಲ್ಲಿ ಗುಣಮಟ್ಟದ ಗುರುತಾಯಿತು. ಅಲ್ಲಿಯ ಜೋಲಿಂಗೆನ್ ಊರಿನವರು ಉಕ್ಕನ್ನು ಸುಧಾರಿಸಿಕೊಂಡರು, ಯಂತ್ರಗಳನ್ನು ತಂದರು. ಮುದ್ರೆ ಹೇಳುವುದು ಯಾರನ್ನು ಹೊಣೆ ಮಾಡಬೇಕು ಎಂಬುದನ್ನು ಮಾತ್ರ, ಅಲಗು ಹೇಗಿದೆ ಎಂಬುದನ್ನಲ್ಲ.

ಶೆಫೀಲ್ಡಿನ ವಿಷಯದಲ್ಲಿ ಇನ್ನೊಂದು ಮಾತು ಹೇಳದೆ ಮುಂದೆ ಹೋಗಬಾರದು. ಅಲ್ಲಿ ಒಣ ಕಲ್ಲಿನ ಮೇಲೆ ಸಾಣೆ ಹಿಡಿಯುತ್ತಿದ್ದವರ ಶ್ವಾಸಕೋಶಕ್ಕೆ ಕಲ್ಲಿನ ಮತ್ತು ಉಕ್ಕಿನ ದೂಳು ಸೇರಿ, ಅನೇಕರು ನಡುವಯಸ್ಸು ಮುಟ್ಟುವ ಮೊದಲೇ ಸಾಯುತ್ತಿದ್ದರು. ಆ ಕಾಯಿಲೆಗೆ 'ಸಾಣೆಯವರ ಉಬ್ಬಸ' ಎಂದೇ ಹೆಸರಿತ್ತು. ಕೆಲವೊಮ್ಮೆ ಉಳಿತಾಯವನ್ನು ಚಾಕಿನಲ್ಲಿ ಮಾಡಿರುವುದಿಲ್ಲ, ಚಾಕು ಮಾಡುವವನ ಮೈಯಲ್ಲಿ ಮಾಡಿರುತ್ತಾರೆ. ಅದು ಅಂಗಡಿಯಲ್ಲಿ ಕಣ್ಣಿಗೆ ಬೀಳುವುದಿಲ್ಲ.

ಹದದ ಬೆಲೆ

ಅಲಗಿನ ಉಕ್ಕಿನ ಕಥೆಯಲ್ಲಿ ನಮ್ಮ ಸೀಮೆಯೂ ಬರುತ್ತದೆ. 1740ರ ದಶಕದಲ್ಲಿ ಶೆಫೀಲ್ಡ್ ಬಳಿ ಬೆಂಜಮಿನ್ ಹಂಟ್ಸ್‌ಮನ್ ಎಂಬ ಗಡಿಯಾರ ಮಾಡುವವನು ಮೂಸೆಯಲ್ಲಿ ಉಕ್ಕು ಕರಗಿಸುವ ವಿಧಾನ ಕಂಡುಕೊಂಡ. ದಕ್ಷಿಣ ಭಾರತದಲ್ಲಿ ಮೂಸೆಯ ಉಕ್ಕು ಅದಕ್ಕಿಂತ ಎಷ್ಟೋ ಹಿಂದಿನದು. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್, ಮಾಗಡಿ ಕಡೆ ಕಬ್ಬಿಣದ ತುಂಡಿನ ಜೊತೆ ತಂಗಡಿ ಕಡ್ಡಿ, ಹಸಿ ಎಲೆ ಇಟ್ಟು ಮಣ್ಣಿನ ಮೂಸೆ ಮುಚ್ಚಿ ಉಕ್ಕು ಮಾಡುವುದನ್ನು ಬರೆದಿಟ್ಟಿದ್ದಾನೆ. ಇಂಗ್ಲಿಷಿನವರು ಇಂಥ ಉಕ್ಕಿಗೆ 'ವೂಟ್ಜ್' ಎಂದರು. ಈ ಪದ ನಮ್ಮ 'ಉಕ್ಕು' ಎಂಬುದರಿಂದಲೇ ಬಂದಿರಬೇಕು ಎಂದು ಅನೇಕ ವಿದ್ವಾಂಸರು ಹೇಳುತ್ತಾರೆ.

ಬೊಂಬಾಯಿಯಲ್ಲಿದ್ದ ಡಾಕ್ಟರ್ ಹೆಲೆನಸ್ ಸ್ಕಾಟ್ ಈ ಉಕ್ಕಿನ ಮಾದರಿಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಕಳಿಸಿದ. 1795ರಲ್ಲಿ ಜಾರ್ಜ್ ಪಿಯರ್ಸನ್ ಅದನ್ನು ಪರೀಕ್ಷಿಸಿ ವರದಿ ಮಂಡಿಸಿದ. ಪರೀಕ್ಷೆಗಾಗಿ ಜೇಮ್ಸ್ ಸ್ಟೋಡಾರ್ಟ್ ಎಂಬ ಲಂಡನ್ನಿನ ಚಾಕು ತಯಾರಕ ಆ ಉಕ್ಕಿನಿಂದ ಒಂದು ಸಣ್ಣ ಪೆನ್‌ನೈಫ್ ಮಾಡಿಕೊಟ್ಟ. ಅದಕ್ಕೆ ಹದ ಬಂದದ್ದು 450 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ, ಅಂದರೆ ಸುಮಾರು 232 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆಮೇಲೆ ಸ್ಟೋಡಾರ್ಟ್ ತನ್ನ ಅಂಗಡಿಯ ಚೀಟಿಯಲ್ಲಿ, ಯುರೋಪಿನ ಅತ್ಯುತ್ತಮ ಉಕ್ಕಿಗಿಂತ ಭಾರತದ ಈ ಉಕ್ಕೇ ತನಗೆ ಇಷ್ಟ ಎಂದು ಅಚ್ಚು ಹಾಕಿಸಿದ.

ಹೆಮ್ಮೆಪಡುವ ಸಂಗತಿಯೇ. ಆದರೆ ನಮ್ಮ ಪ್ರಶ್ನೆಗೆ ಹೆಚ್ಚು ಬೇಕಾದದ್ದು ಆ 450 ಡಿಗ್ರಿ. ಉಕ್ಕನ್ನು ಕೆಂಪಗೆ ಕಾಯಿಸಿ ನೀರಿಗೋ ಎಣ್ಣೆಗೋ ಅದ್ದಿದರೆ ಗಟ್ಟಿಯಾಗುತ್ತದೆ, ಜೊತೆಗೆ ಗಾಜಿನಂತೆ ಪೆಡಸಾಗುತ್ತದೆ. ಮತ್ತೆ ಅಳತೆಯಾಗಿ ಕಾಯಿಸಿದರೆ ಪೆಡಸುತನ ಇಳಿದು ಅಲಗು ಬಾಳುತ್ತದೆ. ಊರ ಕುಲುಮೆಯಲ್ಲಿ ಕಮ್ಮಾರರು ಹದ ಹಾಕುವುದು ಎನ್ನುವುದೂ ಇದನ್ನೇ. ಹೆಚ್ಚು ಕಾಯಿಸಿದರೆ ಅಲಗು ಮೆತ್ತಗಾಗಿ ಬೇಗ ಮೊಂಡಾಗುತ್ತದೆ, ಕಡಿಮೆಯಾದರೆ ಅಂಚು ಸಿಡಿಯುತ್ತದೆ. ಎಂಥ ಒಳ್ಳೆಯ ಉಕ್ಕಾದರೂ ಹದ ತಪ್ಪಿದರೆ ಕೆಟ್ಟಿತು. ಸಾಧಾರಣ ಉಕ್ಕು ಸರಿಯಾದ ಹದ ಬಿದ್ದರೆ ಬದುಕು ಕಳೆಯುವಷ್ಟು ಕೆಲಸ ಮಾಡುತ್ತದೆ. ಈಗಿನ ಅಗ್ಗದ ಚಾಕುಗಳ ಮೇಲೆ 'ಸ್ಟೇನ್‌ಲೆಸ್ ಸ್ಟೀಲ್' ಎಂದೋ, ಉಕ್ಕಿನ ಜಾತಿ ಹೇಳುವ ಅಂಕಿ ಅಕ್ಷರವೋ ಒತ್ತಿರುತ್ತದೆ. ಹದದ ವಿಷಯ ಯಾವ ಮುದ್ರೆಯಲ್ಲೂ ಇರುವುದಿಲ್ಲ.

ಸವೋಯ್ ರೈತರ ಚಾಕು

ಅಗ್ಗದ ಚಾಕನ್ನು ಪ್ರಾಮಾಣಿಕವಾಗಿ ಮಾಡಬಹುದು ಎಂಬುದಕ್ಕೆ ನಮಗೆ ಗೊತ್ತಿರುವ ಒಳ್ಳೆಯ ಉದಾಹರಣೆ ಫ್ರಾನ್ಸಿನ ಸವೋಯ್ ಬೆಟ್ಟಸೀಮೆಯದು. ಅಲ್ಲಿನ ಒಂದು ಹಳ್ಳಿಯಲ್ಲಿ ಒಪಿನೆಲ್ ಮನೆತನದವರು ಕೊಡಲಿ, ಮಚ್ಚುಗಳನ್ನು ಮಾಡಿ ಸುತ್ತಲಿನ ರೈತರಿಗೆ ಕೊಡುತ್ತಿದ್ದರು. 1890ರಲ್ಲಿ, ಹದಿನೆಂಟರ ಹುಡುಗ ಜೋಸೆಫ್ ಒಪಿನೆಲ್ ಒಂದು ಮಡಚುವ ಚಾಕು ಮಾಡಿದ. ಒಂದೇ ಮರದ ತುಂಡಿನ ಹಿಡಿ, ಅದರಲ್ಲಿ ಗರಗಸದಿಂದ ಕೊಯ್ದ ಸೀಳು, ಕಾರ್ಬನ್ ಉಕ್ಕಿನ ತೆಳು ಅಲಗು, ಕೀಲಿನ ಸುತ್ತ ಒಂದು ಲೋಹದ ಬಳೆ, ನಡುವೆ ಒಂದು ಮೊಳೆ. ಮುಗಿಯಿತು. ಶೆಫೀಲ್ಡ್ ಚಾಕಿನಲ್ಲಿರುವ ಬೆನ್ನಿನ ಸ್ಪ್ರಿಂಗ್ ಇಲ್ಲ, ಪಕ್ಕದ ಲೋಹದ ತಗಡುಗಳಿಲ್ಲ.

1897ರ ಹೊತ್ತಿಗೆ 1ರಿಂದ 12ರವರೆಗೆ ಅಳತೆಯ ನಂಬರು ಕೊಟ್ಟು ಸಾಲಾಗಿ ಮಾಡತೊಡಗಿದ. 1909ರಲ್ಲಿ ಕಿರೀಟ ಹೊತ್ತ ಕೈಯ ಮುದ್ರೆಯನ್ನು ನೋಂದಾಯಿಸಿದ. 1955ರಲ್ಲಿ ಮಾರ್ಸೆಲ್ ಒಪಿನೆಲ್ ಕೀಲಿನ ಮೇಲೆ ತಿರುಗುವ ಇನ್ನೊಂದು ಬಳೆ ಸೇರಿಸಿದ. ಅದನ್ನು ತಿರುಗಿಸಿದರೆ ಬಿಚ್ಚಿದ ಅಲಗು ಹಿಂದಕ್ಕೆ ಮಡಚುವುದಿಲ್ಲ. ಆ ಸಣ್ಣ ತಗಡಿನ ಬಳೆಯಿಂದ ಎಷ್ಟು ಬೆರಳುಗಳು ಉಳಿದಿರಬಹುದು, ಯೋಚಿಸಿ ನೋಡಿ.

ಈ ಚಾಕಿಗೆ ದೋಷಗಳಿಲ್ಲ ಎಂದಲ್ಲ. ಒದ್ದೆಯಾದರೆ ಮರ ಊದಿಕೊಂಡು ಅಲಗು ಹಿಡಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಹಿಡಿಯ ಹಿಂತುದಿಯನ್ನು ಗಟ್ಟಿ ಜಾಗಕ್ಕೆ ಕುಟ್ಟಿ ಅಲಗು ಹೊರತರುವುದಕ್ಕೆ ಅಲ್ಲಿ 'ಸವೋಯ್ ಪೆಟ್ಟು' ಎಂದೇ ಹೆಸರಿದೆ. ಕಾರ್ಬನ್ ಉಕ್ಕು ಒರೆಸಿಡದಿದ್ದರೆ ತುಕ್ಕು ಹಿಡಿಯುತ್ತದೆ, ಹುಳಿ ಹಣ್ಣು ಕೊಯ್ದರೆ ಕಪ್ಪಾಗುತ್ತದೆ. ಆದರೆ ಈ ದೋಷಗಳನ್ನು ಬಳಸುವವನು ತಾನೇ ಸಂಭಾಳಿಸಿಕೊಳ್ಳಬಹುದು. ಒಂದು ಬಟ್ಟೆ, ಎರಡು ಹನಿ ಎಣ್ಣೆ, ಒಂದು ಸಾಣೆಕಲ್ಲು ಸಾಕು. ಉಳಿತಾಯವೆಲ್ಲ ಅಂದದಲ್ಲಿ ಮತ್ತು ಬಿಡಿಭಾಗಗಳ ಸಂಖ್ಯೆಯಲ್ಲಿ. ಅಲಗಿನಲ್ಲಿ ಅಲ್ಲ.

ಅದೇ ದಶಕದಲ್ಲಿ ಜಪಾನಿನ ಮಿಕಿ ಊರಿನ ಕಮ್ಮಾರರೂ ಇದೇ ಲೆಕ್ಕಕ್ಕೆ ಬಂದಿದ್ದರು. ಅವರ 'ಹಿಗೊನೊಕಾಮಿ' ಚಾಕಿನ ಹಿಡಿ ಬರೀ ಮಡಚಿದ ಲೋಹದ ತಗಡು. ಬೀಗವಿಲ್ಲ, ಸ್ಪ್ರಿಂಗ್ ಇಲ್ಲ. ಅಲಗಿನ ಬುಡದ ಬಾಲವನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿಯಬೇಕು. ಶಾಲೆಯ ಮಕ್ಕಳು ಪೆನ್ಸಿಲ್ ಚೂಪು ಮಾಡಿದ್ದೂ ಅದರಲ್ಲೇ. 1960ರಲ್ಲಿ ರಾಜಕಾರಣಿ ಇನೆಜಿರೊ ಅಸಾನುಮಾರನ್ನು 17ರ ಹುಡುಗನೊಬ್ಬ ಇರಿದು ಕೊಂದ. ಅವನ ಕೈಲಿದ್ದದ್ದು ಕಿರುಗತ್ತಿ, ಈ ಚಾಕಲ್ಲ. ಆದರೂ ಮಕ್ಕಳ ಕೈಗೆ ಚಾಕು ಬೇಡ ಎಂಬ ಚಳವಳಿ ಎದ್ದು ಮಿಕಿಯ ಎಷ್ಟೋ ಕುಲುಮೆಗಳು ಆರಿದವು.

ಕೈಯಲ್ಲಿ ಹಿಡಿದು ನೋಡುವುದು

ಈ ಚರಿತ್ರೆಯನ್ನು ಜೊತೆಗಿಟ್ಟುಕೊಂಡು ಅಂಗಡಿಗೆ ಹೋದರೆ ನೋಡಬೇಕಾದ್ದು ಹೀಗೆ.

ಮೊದಲು ಕೀಲು. ಅಲಗು ಬಿಚ್ಚಿ ಬೆನ್ನಿನ ಕಡೆಯಿಂದ ಹಿಡಿದು ಎಡಬಲಕ್ಕೆ ಅಲ್ಲಾಡಿಸಿ. ಲಟಲಟ ಎಂದರೆ ಕೆಳಗಿಡಿ. ಮಡಚಿದಾಗ ಅಲಗಿನ ತುದಿ ಸೀಳಿನ ನಡುವೆ ಕೂರಬೇಕು, ಒಂದು ಪಕ್ಕಕ್ಕೆ ಉಜ್ಜಬಾರದು.

ಎರಡನೆಯದು ಬೀಗ. ಬೀಗ ಇರುವ ಚಾಕಾದರೆ, ಬೆರಳುಗಳನ್ನು ಅಲಗಿನ ದಾರಿಯಿಂದ ದೂರವಿಟ್ಟು, ಅಲಗಿನ ಬೆನ್ನನ್ನು ಮರದ ಹಲಗೆಗೆ ಮೆಲ್ಲಗೆ ಒತ್ತಿ ನೋಡಿ. ಅಷ್ಟಕ್ಕೇ ಜಾರುವ ಬೀಗ ಇಲ್ಲದಿರುವುದೇ ಮೇಲು. ಬೀಗ ಇಲ್ಲ ಎಂದು ಗೊತ್ತಿದ್ದರೆ ಕೈ ಎಚ್ಚರದಲ್ಲಿರುತ್ತದೆ, ಸುಳ್ಳು ಬೀಗ ಎಚ್ಚರ ತಪ್ಪಿಸುತ್ತದೆ.

ಮೂರನೆಯದು ಅಲಗು. ಅಂಚನ್ನು ಬೆಳಕಿಗೆ ಹಿಡಿದಾಗ ಬಿಳಿ ಗೆರೆ ಮಿನುಗಿದರೆ ಅಲ್ಲಿ ಮೊಂಡಾಗಿದೆ. ಮೊಂಡು ಅಂಚನ್ನು ಸಾಣೆಯಲ್ಲಿ ಸರಿ ಮಾಡಬಹುದು, ದಪ್ಪ ಅಲಗನ್ನು ಸರಿ ಮಾಡುವುದು ಕಷ್ಟ. ಬೆನ್ನಿನಿಂದ ಅಂಚಿನ ಕಡೆಗೆ ಚೆನ್ನಾಗಿ ತೆಳುವಾಗುತ್ತಾ ಬಂದಿರಬೇಕು. ಹದದ ಪರೀಕ್ಷೆ ಅಂಗಡಿಯಲ್ಲಿ ಆಗುವುದಿಲ್ಲ. ಮನೆಗೆ ತಂದು ಸಾಣೆ ಹಿಡಿದು ಒಂದು ವಾರ ನಿಮ್ಮ ಕೆಲಸ ಮಾಡಿ. ಅಂಚು ಮಡಚಿಕೊಂಡರೆ ಮೆತ್ತಗಿದೆ, ಹಲ್ಲು ಹಲ್ಲಾಗಿ ಉದುರಿದರೆ ಪೆಡಸು. ಇದಕ್ಕೇ ಒಂದೇ ಸಲಕ್ಕೆ ಊರಿನವರೆಲ್ಲ ಒಂದೇ ಬಗೆಯ ಚಾಕು ಕೊಳ್ಳಬಾರದು. ಒಬ್ಬರು ತಂದು ನೋಡಿ ಉಳಿದವರಿಗೆ ಹೇಳಬೇಕು.

ಕೊನೆಯದು ರಿಪೇರಿ. ಕೀಲಿನಲ್ಲಿ ಸ್ಕ್ರೂ ಇದ್ದರೆ ಬಿಗಿ ಮಾಡಬಹುದು. ರಿವಿಟ್ ಇದ್ದರೆ ಕಮ್ಮಾರರ ಹತ್ತಿರ ಎರಡು ಪೆಟ್ಟು ಹಾಕಿಸಬಹುದು. ಪ್ಲಾಸ್ಟಿಕ್ಕಿನೊಳಗೆ ಮುಚ್ಚಿಹೋದ ಕೀಲಾದರೆ ಏನೂ ಮಾಡಲಾಗದು.

ಬೆಲೆಯ ಲೆಕ್ಕಕ್ಕೆ ಬರೋಣ. ನೂರು ರೂಪಾಯಿಯ ಚಾಕು ಆರು ತಿಂಗಳು, ಐನೂರರದ್ದು ಹತ್ತು ವರ್ಷ ಬಾಳುತ್ತದೆ ಎಂದಿಟ್ಟುಕೊಳ್ಳಿ. ಹತ್ತು ವರ್ಷಕ್ಕೆ ಅಗ್ಗದ್ದಕ್ಕೆ ಎರಡು ಸಾವಿರ, ದುಬಾರಿಯದಕ್ಕೆ ಐನೂರು. ಲೆಕ್ಕವೇನೋ ಸರಿ. ಆದರೆ ಇವತ್ತಿನ ಸಂತೆಗೆ ಇನ್ನೂರೇ ರೂಪಾಯಿ ಇಟ್ಟುಕೊಂಡು ಬಂದವರಿಗೆ ಈ ಲೆಕ್ಕ ಹೇಳಿ ಪ್ರಯೋಜನವಿಲ್ಲ. ಅವರಿಗೆ ಬೇಕಾದ್ದು ಇನ್ನೂರಕ್ಕೇ ಸಿಗುವ, ಉಕ್ಕು ಮತ್ತು ಕೀಲಿನಲ್ಲಿ ಮೋಸವಿಲ್ಲದ ಚಾಕು. ಸವೋಯ್‌ನ ಹುಡುಗ 1890ರಲ್ಲಿ ಮಾಡಿದ್ದು ಅಂಥದ್ದನ್ನೇ. ಕಸಿ ಕಟ್ಟುವವರು, ಹೂ ಕೊಯ್ಯುವವರು, ಕುರಿ ಕಾಯುವವರು ಅಂಗಡಿಯವರ ಹತ್ತಿರ ಬೆಲೆಗಿಂತ ಮೊದಲು ಕೀಲು ತೋರಿಸಿ ಎನ್ನತೊಡಗಿದರೆ ಅಂಗಡಿಯವರೂ ಅಂಥ ಚಾಕನ್ನು ಹುಡುಕಿ ತರುತ್ತಾರೆ. ಮುಂದಿನ ಸಂತೆಯಿಂದಲೇ ಕೇಳಲು ಶುರುಮಾಡೋಣ.